ಫೋನ್ ತುಂಬಾ ವಾಕ್ಯ, ತಲೆ ತುಂಬಾ ಗದ್ದಲ: ವಿವೇಕ ಬೆಳೆಸಿಕೊಳ್ಳೋದು ಹೇಗೆ?

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನಮ್ಮ ಕುಟುಂಬದ ವಾಟ್ಸಾಪ್ ಗ್ರೂಪಿಗೆ ಒಂದು ಮೆಸೇಜ್ ಬಂತು. ಅಫ್ಘಾನಿಸ್ತಾನದಲ್ಲಿ 22 ಮಿಷನರಿ ಕುಟುಂಬಗಳನ್ನು ನಾಳೆ ಕೊಲ್ಲುತ್ತಾರೆ, ತಕ್ಷಣ ಪ್ರಾರ್ಥನೆ ಮಾಡಿ, ಎಲ್ಲರಿಗೂ ಕಳಿಸಿ ಅಂತ. ಓದಿದೆ, ಕಣ್ಣು ತುಂಬಿ ಬಂತು, ಎರಡು ನಿಮಿಷದಲ್ಲಿ ಐದು ಕಡೆ ಕಳಿಸಿದೆ. ಸಭೆಯ ಯುವಕರ ಗ್ರೂಪು, ಕೇಶ್ವಾಪುರದ ಅಕ್ಕ, ಬೆಟಗೇರಿಯ ಕಾಕಾ, ಹೀಗೆ. ಕಾಕಾ ರಾತ್ರಿ ಹನ್ನೊಂದಕ್ಕೆ ಮನೆಮಂದಿಯನ್ನೆಲ್ಲ ಎಬ್ಬಿಸಿ ಮೊಣಕಾಲೂರಿಸಿ ಪ್ರಾರ್ಥನೆ ಮಾಡಿಸಿದರು. ಮರುವರ್ಷ ಅದೇ ಮೆಸೇಜ್ ಮತ್ತೆ ಬಂತು. ಅದೇ 22, ಅದೇ "ನಾಳೆ". ಕಾಕಾ ಫೋನ್ ಮಾಡಿ ಕೇಳಿದರು: "ತಮ್ಮಾ, ಇವರನ್ನ ಹ್ವಾದ ವರ್ಷಾನ ಕೊಂದಿದ್ರಲ್ಲೋ?"

ಆಮೇಲೆ ಕೂತು ಹುಡುಕಿದೆ. 2007ರ ಜುಲೈನಲ್ಲಿ ದಕ್ಷಿಣ ಕೊರಿಯಾದ 23 ಕ್ರೈಸ್ತರನ್ನು ತಾಲಿಬಾನ್ ಅಪಹರಿಸಿದ್ದು ನಿಜ. ಅವರಲ್ಲಿ ಇಬ್ಬರನ್ನು ಕೊಂದದ್ದೂ ನಿಜ. ಉಳಿದವರು ಆಗಸ್ಟ್ ಕೊನೆಯ ಹೊತ್ತಿಗೆ ಬಿಡುಗಡೆಯಾಗಿದ್ದರು. ಆದರೆ 22 ಕುಟುಂಬಗಳ ಈ ಮೆಸೇಜು ಸುಳ್ಳು, ಅದಾದ ಮೇಲೆ ವರ್ಷಗಟ್ಟಲೆ ಊರೂರು ತಿರುಗಿದೆ. ಅದರಲ್ಲಿ ತಾರೀಖೇ ಇಲ್ಲ. ತಾರೀಖಿಲ್ಲದ "ನಾಳೆ" ಎಂದೂ ಹಳೆಯದಾಗೋದಿಲ್ಲ, ಅಲ್ವಾ?

ಪ್ರಾರ್ಥನೆ ದಂಡವಾಗಲ್ಲ ಬಿಡು ಅಂತ ನಮ್ಮ ಅಕ್ಕ ಸಮಾಧಾನ ಹೇಳಿದಳು. ಇರಬಹುದು. ಆದರೆ ಆ ರಾತ್ರಿ ಐದು ಮನೆಗೆ ನಾನು ಗಾಬರಿ ಹಂಚಿದ್ದೆ, ಗಾಬರಿಯ ಜೊತೆ ಒಂದಿಷ್ಟು ಸಿಟ್ಟನ್ನೂ ಹಂಚಿದ್ದೆ. ಅಂಥ ಮೆಸೇಜ್ ಓದಿ ಮಲಗಿದವರು ಬೆಳಗ್ಗೆ ಎದ್ದು ಪಕ್ಕದ ಓಣಿಯ ಮುಸ್ಲಿಂ ಅಂಗಡಿಯವರ ಮುಖವನ್ನು ನಿನ್ನೆಯ ಹಾಗೇ ನೋಡುತ್ತಾರೆ ಅಂತ ನನಗನ್ನಿಸಲ್ಲ. ಸುಳ್ಳು ಸುದ್ದಿ ಹಬ್ಬಿಸಬೇಡ ಅಂತ ವಿಮೋಚನಕಾಂಡ 23:1ರಲ್ಲಿ ನೇರವಾಗಿ ಬರೆದಿದೆ. ಸಂಡೇ ಸ್ಕೂಲಿನಲ್ಲಿ ಹತ್ತು ಆಜ್ಞೆ ಬಾಯಿಪಾಠ ಮಾಡಿದವನಿಗೆ ಮೂರು ಅಧ್ಯಾಯ ಮುಂದಿದ್ದ ಈ ಮಾತು ಗೊತ್ತಿರಲಿಲ್ಲ.

ಅಲ್ಲಿಂದೀಚೆಗೆ ನಾನು ಮಾಡುತ್ತಾ ಬಂದಿರುವ ಕೆಲವು ಕೆಲಸಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಪಾಸ್ಟರ್ ಅಲ್ಲ. ದಿನಾ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಕೆಲಸಕ್ಕೆ ಓಡಾಡುವ ಮನುಷ್ಯ.

ಬುಧವಾರದ ಪರೀಕ್ಷೆ

ಶುರು ಮಾಡೋದಕ್ಕೆ ಮುಂಚೆ ಒಂದು ಪರೀಕ್ಷೆ ಮಾಡಿಕೊಳ್ಳಿ. ಬುಧವಾರ ಸಂಜೆ ಒಂದು ಕಾಗದ ತೊಗೊಂಡು, ಭಾನುವಾರ ಆರಾಧನೆಯಲ್ಲಿ ಓದಿದ ವೇದಭಾಗ ಯಾವುದು, ಪ್ರಸಂಗದಲ್ಲಿ ಹೇಳಿದ ಒಂದೇ ಒಂದು ಮಾತು ಯಾವುದು ಅಂತ ಬರೆಯಿರಿ. ನಾನು ಮೊದಲ ಸಲ ಬರೆಯಲು ಕೂತಾಗ ನೆನಪಾಗಿದ್ದು ಮೈಕ್ ಕೆಟ್ಟಿದ್ದು ಮಾತ್ರ.

ನಡುವಿನ ಮೂರು ದಿನದಲ್ಲಿ ನಾನು ದೇವರ ವಿಷಯ ಏನೂ ಕೇಳಿರಲಿಲ್ಲವೇ? ಬೇಕಾದಷ್ಟು ಕೇಳಿದ್ದೆ! ಮೂರು ಬೇರೆ ಬೇರೆ ಪಾಸ್ಟರ್‌ಗಳ ಶಾರ್ಟ್ಸ್, ಎರಡು ಸಾಕ್ಷಿ ವಿಡಿಯೋ, ಯಾರೋ ಒಬ್ಬರ ಪ್ರವಾದನೆ, ದಿನಕ್ಕೆ ಹತ್ತಾರು "ಇಂದಿನ ವಾಗ್ದಾನ" ಕಾರ್ಡು. ನಮ್ಮ ಜನ ಮಾಹಿತಿಯ ಕಾಟ ಅಂದರೆ ಸಿನಿಮಾ ರೀಲ್ಸು, ರಾಜಕೀಯದ ಬೈಗುಳ ಅಂದುಕೊಳ್ಳುತ್ತಾರೆ. ವಿಶ್ವಾಸಿಗಳ ಫೋನಿನಲ್ಲಿ ಅದು ಬಿಳಿ ಅಂಗಿ ಹಾಕಿಕೊಂಡು, ಕೈಯಲ್ಲಿ ಸತ್ಯವೇದ ಹಿಡಿದುಕೊಂಡೇ ಬರುತ್ತೆ. ಅದಕ್ಕೇ ಯಾರೂ ಬಾಗಿಲು ಹಾಕೋದಿಲ್ಲ. ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮಿಗಾದರೂ ಒಂದು ತುದಿ ಇದೆ, ಇದಕ್ಕೆ ಇಲ್ಲ.

ಅಪೊಸ್ತಲರ ಕೃತ್ಯಗಳು 17ನೇ ಅಧ್ಯಾಯದಲ್ಲಿ ಎರಡು ಊರು ಬರುತ್ತವೆ. ಬೆರೋಯದವರು ಪೌಲ ಹೇಳಿದ್ದನ್ನು ಕೇಳಿ, ಇದು ಹೌದೋ ಅಲ್ಲವೋ ಅಂತ ದಿನಾ ಶಾಸ್ತ್ರ ತೆಗೆದು ಪರೀಕ್ಷೆ ಮಾಡುತ್ತಿದ್ದರು. ಅಥೇನೆಯವರು ಹೊಸ ಹೊಸ ಸುದ್ದಿ ಹೇಳೋದು, ಕೇಳೋದು, ಇದರಲ್ಲೇ ಹೊತ್ತು ಕಳೆಯುತ್ತಿದ್ದರು. ಎರಡೂ ಊರಿಗೆ ಒಬ್ಬನೇ ಪೌಲ ಹೋಗಿದ್ದ. ನಾನು ಯಾವ ಊರಿನವನು ಅಂತ ಕೇಳಿಕೊಳ್ಳಲು ಭಯವಾಗುತ್ತೆ.

ಬೆಳಗಿನ ಮೊದಲ ಅರ್ಧ ಗಂಟೆ

ಫೋನನ್ನು ದಿಂಬಿನ ಹತ್ತಿರ ಇಡಬೇಡಿ. ಅಲಾರಂ ಬೇಕಲ್ಲ ಅಂತೀರಿ. ಒಂದು ಅಲಾರಂ ಗಡಿಯಾರ ಕೊಂಡುಕೊಳ್ಳಿ. ನಮ್ಮ ಮನೆಯಲ್ಲಿ ಫೋನ್ ರಾತ್ರಿ ಅಡುಗೆಮನೆಯ ಕಪಾಟಿನಲ್ಲಿ, ಜೋಳದ ಹಿಟ್ಟಿನ ಡಬ್ಬಿಯ ಪಕ್ಕ ಮಲಗುತ್ತೆ.

ಎದ್ದ ಮೇಲೆ ಕಾಗದದ ಸತ್ಯವೇದ. ಫೋನಿನ ಆಪ್ ಬೇಡ. ಆಪ್ ಕೆಟ್ಟದ್ದು ಅಂತಲ್ಲ, ಅದರ ಮೇಲೆ ನೋಟಿಫಿಕೇಷನ್ ಬರುತ್ತೆ, ನಮ್ಮ ಬೆರಳು ಅಲ್ಲಿಗೆ ಹೋಗುತ್ತೆ, ಅಷ್ಟೇ ಕಥೆ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಾಗದವರಿಗೆ ಒಂದು ಸುಲಭ ದಾರಿ: ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ ಇವೆ. ಇವತ್ತು ತಾರೀಖು ಎಷ್ಟೋ ಆ ಅಧ್ಯಾಯ ಓದಿ. 14 ಆದರೆ 14, 18 ಆದರೆ 18. ನಿನ್ನೆ ತಪ್ಪಿತು ಅಂತ ಇವತ್ತು ಎರಡು ಓದಲು ಹೋಗಬೇಡಿ. ಮುಂದಿನ ತಿಂಗಳು ಅದೇ ತಾರೀಖಿಗೆ ಅದು ತಾನೇ ತಿರುಗಿ ಬರುತ್ತೆ.

ಓದಿದ ಮೇಲೆ ಒಂದೇ ವಾಕ್ಯ ಆರಿಸಿ ನೋಟ್‌ಬುಕ್ಕಿನಲ್ಲಿ ಕೈಯಿಂದ ಬರೆಯಿರಿ. ಚಂದ ಇರುವ ವಾಕ್ಯ ಬೇಡ, ಚುಚ್ಚುವ ವಾಕ್ಯ ಆರಿಸಿ. ಪೂರ್ತಿ ಕೇಳಿಸಿಕೊಳ್ಳದೆ ಉತ್ತರ ಕೊಡುವವನು ಮೂರ್ಖ ಅಂತ 18:13ರಲ್ಲಿದೆ. ಅದೇ ಅಧ್ಯಾಯದ 17ನೇ ವಚನದಲ್ಲಿ, ಮೊದಲು ವಾದ ಹೂಡಿದವನೇ ಸರಿ ಅಂತ ಕಾಣುತ್ತಾನೆ, ಇನ್ನೊಬ್ಬ ಬಂದು ಪ್ರಶ್ನೆ ಮಾಡುವ ತನಕ ಅಂತಿದೆ. ನನ್ನ ನೋಟ್‌ಬುಕ್ಕಿನಲ್ಲಿ ಈ ಎರಡೂ ಬೇರೆ ಬೇರೆ ತಿಂಗಳಲ್ಲಿ ಮೂರು ಮೂರು ಸಲ ಬಂದಿವೆ. ನನ್ನ ಕಾಯಿಲೆ ಯಾವುದು ಅಂತ ಅಲ್ಲೇ ಗೊತ್ತಾಯಿತು.

ಒಂದು ವಾಕ್ಯವನ್ನು ಮೆಲುಕು ಹಾಕೋದು

ಕೀರ್ತನೆ 1ರಲ್ಲಿ ಧರ್ಮಶಾಸ್ತ್ರವನ್ನು ಹಗಲೂ ರಾತ್ರಿ ಧ್ಯಾನಿಸುವವನು ಧನ್ಯ ಅಂತ ಬರುತ್ತಲ್ಲ, ನಮಗೆ ಧ್ಯಾನ ಅಂದ ತಕ್ಷಣ ಕಣ್ಣು ಮುಚ್ಚಿ ಸುಮ್ಮನೆ ಕೂರೋದು ನೆನಪಾಗುತ್ತೆ. ಅಲ್ಲಿರುವ ಹೀಬ್ರೂ ಮಾತು "ಹಾಗಾ" (hagah). ಅದರ ಅರ್ಥ ಗುನುಗೋದು, ಬಾಯಲ್ಲೇ ಹೇಳಿಕೊಳ್ಳೋದು. ಯೆಶಾಯ 31:4ರಲ್ಲಿ ಸಿಂಹ ಬೇಟೆಯ ಮೇಲೆ ಕೂತು ಗುರುಗುಟ್ಟುವುದಕ್ಕೂ ಇದೇ ಮಾತು. 12ನೇ ಶತಮಾನದಲ್ಲಿ ಗೀಗೊ ಅನ್ನುವ ಕಾರ್ಥೂಸಿಯನ್ ಮಠದ ಸನ್ಯಾಸಿ ಇದನ್ನೇ ನಾಲ್ಕು ಮೆಟ್ಟಿಲು ಮಾಡಿ ಬರೆದಿಟ್ಟ: ಓದು, ಮನನ, ಪ್ರಾರ್ಥನೆ, ಆಮೇಲೆ ದೇವರ ಮುಂದೆ ಸುಮ್ಮನಿರುವುದು. ಓದು ಅಂದರೆ ತುತ್ತು ಬಾಯಿಗಿಡುವುದು, ಮನನ ಅಂದರೆ ಅಗಿಯುವುದು ಅಂತ ಊಟದ ಲೆಕ್ಕದಲ್ಲೇ ಹೇಳಿದ್ದಾನೆ. ನಮ್ಮ ತೊಂದರೆ ಏನು ಅಂದರೆ ನಾವು ತುತ್ತಿನ ಮೇಲೆ ತುತ್ತು ಇಡುತ್ತಲೇ ಇದ್ದೇವೆ.

ಹೇಗೆ ಅಗಿಯುವುದು ಅಂತ ನನ್ನದೇ ಒಂದು ಬೆಳಗ್ಗೆ ಹೇಳುತ್ತೇನೆ. ಅವತ್ತು ಬರೆದುಕೊಂಡಿದ್ದು ಯಾಕೋಬ 1:19. ಕೇಳುವುದರಲ್ಲಿ ಚುರುಕು, ಮಾತಾಡುವುದರಲ್ಲಿ ನಿಧಾನ, ಕೋಪದಲ್ಲೂ ನಿಧಾನ. ಹುಬ್ಬಳ್ಳಿಯ ಹೊಸೂರಿನಲ್ಲಿ ಚಿಗರಿ ಹತ್ತಿದೆ, ಇಯರ್‌ಫೋನ್ ಜೇಬಿನಲ್ಲೇ ಇತ್ತು. ವಿದ್ಯಾನಗರ ದಾಟುವಷ್ಟರಲ್ಲಿ ನಾಲ್ಕೈದು ಸಲ ತುಟಿಯಲ್ಲೇ ಹೇಳಿಕೊಂಡೆ. ಉಣಕಲ್ ಬರುವಾಗ ಬೇಜಾರು ಶುರುವಾಯಿತು, ಕೈ ತಾನೇ ಜೇಬಿಗೆ ಹೋಯಿತು. ಈ ಬೇಜಾರು ಬರುತ್ತೆ ಅಂತ ಗೊತ್ತಿಟ್ಟುಕೊಳ್ಳಿ. ಮೊದಮೊದಲು ಎಲ್ಲರೂ ಅಲ್ಲೇ ಬಿಟ್ಟುಬಿಡುತ್ತಾರೆ. ನವನಗರದ ಹತ್ತಿರ "ನಿಧಾನ" ಅನ್ನೋ ಮಾತು ಎರಡು ಸಲ ಯಾಕಿದೆ ಅಂತ ಹೊಳೆಯಿತು: ನಾಲಿಗೆಗೊಂದು ಬ್ರೇಕು, ಸಿಟ್ಟಿಗೊಂದು ಬ್ರೇಕು, ಕಿವಿಗೆ ಮಾತ್ರ ಆಕ್ಸಿಲರೇಟರ್. ಸತ್ತೂರು ಬರುವ ಹೊತ್ತಿಗೆ, ಬೆಳಗ್ಗೆ ಮಗ ಫೀಸಿನ ವಿಷಯ ಏನೋ ಹೇಳಲು ಬಂದಾಗ ಶೂ ಲೇಸ್ ಕಟ್ಟುತ್ತಾ "ಆಮ್ಯಾಲ ಹೇಳು ಹೋಗ" ಅಂದದ್ದು ನೆನಪಾಗಿ ಹೊಟ್ಟೆಯಲ್ಲಿ ಏನೋ ಆಯಿತು. ಧಾರವಾಡದಲ್ಲಿ ಇಳಿದವನೇ ಅವನಿಗೆ ಫೋನ್ ಮಾಡಿದೆ. ನಾಲ್ಕು ಪ್ರಸಂಗ ಕೇಳಿದ್ದರೂ ಆ ಫೋನ್ ಹೋಗುತ್ತಿರಲಿಲ್ಲ.

ಬರೆದುಕೊಂಡ ವಾಕ್ಯಗಳಲ್ಲಿ ಮೆಲುಕು ಹಾಕಲು ವಾರಕ್ಕೆ ಒಂದು ಸಾಕು. ರೊಟ್ಟಿ ಬಡಿಯುವಾಗ, ಬೈಕ್ ತೊಳೆಯುವಾಗ, ಸಿಗ್ನಲ್ಲಿನಲ್ಲಿ ನಿಂತಾಗ ಅದನ್ನೇ ಹೇಳಿಕೊಳ್ಳಿ. ಇದು ಸಾವಕಾಶದ ಕೆಲಸ. ನಮ್ಮ ಭಾಗದಲ್ಲಿ ಸುವಾರ್ತೆ ಸಾರಿದ ಬಾಸೆಲ್ ಮಿಷನ್ನಿನ ಕಿಟ್ಟೆಲ್ 1853ರಲ್ಲಿ ಬಂದರು, ಅವರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ಅದೇ ಮಿಷನ್ನಿನ ಮೋಗ್ಲಿಂಗ್ ಅವರು 1843ರಲ್ಲಿ ತೆಗೆದ ಕನ್ನಡದ ಮೊದಲ ಪತ್ರಿಕೆ 15 ದಿನಕ್ಕೊಮ್ಮೆ ಬರುತ್ತಿತ್ತು. ಹಳೇ ಕಾಲ ಚಂದ ಇತ್ತು ಅಂತ ಹೇಳುತ್ತಿಲ್ಲ, ಆಗಲೂ ಗಾಳಿಸುದ್ದಿ ಬೇಕಾದಷ್ಟಿತ್ತು. 15 ದಿನದ ಸುದ್ದಿಯನ್ನು ನಾವು ಈಗ ಚಹಾ ಆರುವುದರೊಳಗೆ ನುಂಗುತ್ತೇವೆ, ಅಷ್ಟೇ.

ಕಾರ್ಡಿನ ಮೇಲಿನ ವಚನ ಬಂದರೆ ಏನು ಮಾಡಬೇಕು

ಮೇಲೆ ಹತ್ತು ವಚನ, ಕೆಳಗೆ ಹತ್ತು ವಚನ ಓದಬೇಕು. ಯಾರು ಹೇಳಿದ್ದು, ಯಾರಿಗೆ, ಯಾವಾಗ ಅಂತ ಕೇಳಬೇಕು. ನನಗೇನು ಸಿಗುತ್ತೆ ಅನ್ನೋ ಪ್ರಶ್ನೆ ಕೊನೆಗೆ.

ಯೆರೆಮೀಯ 29:11 ತೊಗೊಳ್ಳಿ. ಅದು ಇಲ್ಲದ ಕ್ರೈಸ್ತರ ಮನೆ ಸಿಗೋದು ಕಷ್ಟ. ಗೋಡೆ ಕ್ಯಾಲೆಂಡರಿನಲ್ಲಿ ಇದೆ, ಚಹಾ ಕಪ್ಪಿನ ಮೇಲೆ ಇದೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ದಿನ ಎಲ್ಲರ ಸ್ಟೇಟಸ್ಸಿನಲ್ಲೂ ಇರುತ್ತೆ. ನಿಮ್ಮ ಬಗ್ಗೆ ನನಗಿರುವ ಯೋಚನೆ ಕೇಡಿನದಲ್ಲ, ಒಳ್ಳೆಯದು, ನಿಮಗೆ ನಿರೀಕ್ಷೆ ಇರುವ ಮುಂದಿನ ದಿನ ಕೊಡುತ್ತೇನೆ ಅನ್ನೋ ಅರ್ಥದ ಮಾತು. ಈಗ ಒಂದೇ ವಚನ ಮೇಲೆ ಹೋಗಿ. ಬಾಬಿಲೋನಿನಲ್ಲಿ 70 ವರ್ಷ ತುಂಬಿದ ಮೇಲೆ ನಿಮ್ಮನ್ನು ತಿರುಗಿ ಕರೆತರುತ್ತೇನೆ ಅಂತಿದೆ. ಎಪ್ಪತ್ತು! ಇದು ಯೆರೂಸಲೇಮಿನಿಂದ ಸೆರೆಯಾಗಿ ಹೋದ ಜನರಿಗೆ ಬರೆದ ಕಾಗದ. ಮೂವತ್ತು ವರ್ಷದ ಒಬ್ಬ ಮನುಷ್ಯ ಅದನ್ನು ಕೈಯಲ್ಲಿ ಹಿಡಿದು ಓದಿದ್ದರೆ, ಊರಿಗೆ ವಾಪಸ್ ಹೋಗೋದು ನನ್ನ ಮೊಮ್ಮಕ್ಕಳು, ನಾನಲ್ಲ ಅಂತ ಅವನಿಗೆ ಅಲ್ಲೇ ಗೊತ್ತಾಗಿರುತ್ತೆ.

ಇನ್ನೂ ಮೇಲೆ ಹೋದರೆ 5ರಿಂದ 7ನೇ ವಚನ. ಮನೆ ಕಟ್ಟಿಕೊಂಡು ಇರಿ, ತೋಟ ಹಾಕಿ ಫಲ ತಿನ್ನಿ, ಮಕ್ಕಳ ಮದುವೆ ಮಾಡಿ, ನೀವು ಸೆರೆಯಾಗಿ ಹೋದ ಆ ಊರಿನ ಒಳ್ಳೆಯದಕ್ಕಾಗಿಯೇ ಪ್ರಾರ್ಥನೆ ಮಾಡಿ. ಶತ್ರುವಿನ ಊರಿಗಾಗಿ ಪ್ರಾರ್ಥನೆ! ಇದನ್ನು ಯಾರೂ ಕಪ್ಪಿನ ಮೇಲೆ ಅಚ್ಚು ಹಾಕಿಸಲ್ಲ. 8 ಮತ್ತು 9ನೇ ವಚನ ಓದಿ ನಾನು ನಕ್ಕೇಬಿಟ್ಟೆ: ನಿಮ್ಮ ನಡುವೆ ಇರುವ ಪ್ರವಾದಿಗಳಿಂದ ಮೋಸ ಹೋಗಬೇಡಿ, ಅವರನ್ನು ನಾನು ಕಳಿಸಿಲ್ಲ. ಪ್ರವಾದನೆಯ ವಿಡಿಯೋ ಕೆಳಗೆ ಜನ ಹಾಕುವ ವಚನ ಇದೇ ಅಧ್ಯಾಯದ್ದು.

ಹಿಂದಿನ ಅಧ್ಯಾಯವನ್ನೂ ಬಿಡಬೇಡಿ. 28ರಲ್ಲಿ ಹನನ್ಯ ಅನ್ನೋ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಇನ್ನು ಎರಡೇ ವರ್ಷ, ಎಲ್ಲ ಸರಿಹೋಗುತ್ತೆ ಅಂದ. ಬಾಬಿಲೋನಿಗೆ ತಲೆಬಾಗಬೇಕು ಅನ್ನೋದರ ಗುರುತಾಗಿ ಯೆರೆಮೀಯ ಕತ್ತಿನ ಮೇಲೆ ಹೊತ್ತಿದ್ದ ಮರದ ನೊಗ ಕಿತ್ತು ಮುರಿದ. ಎಂಥಾ ದೃಶ್ಯ ನೋಡಿ, ಇವತ್ತಾಗಿದ್ದರೆ ಎಲ್ಲರ ಫೋನೂ ಮೇಲೆ ಎದ್ದಿರುತ್ತಿದ್ದವು. ಎರಡು ವರ್ಷ ಅನ್ನೋನ ವಿಡಿಯೋ ಓಡುತ್ತಿತ್ತೋ, ಎಪ್ಪತ್ತು ವರ್ಷ ಅನ್ನೋನದೋ ನೀವೇ ಹೇಳಿ. ಯೆರೆಮೀಯ ಏನು ಮಾಡಿದ? ಮೊದಲು ಆಮೆನ್, ಕರ್ತನು ಹಾಗೇ ಮಾಡಲಿ ಅಂದ, ಅವನಿಗೂ ಅದು ನಿಜವಾಗಲಿ ಅಂತ ಆಸೆ ಇದ್ದಿರಬೇಕು. ಹಿಂದಿನ ಪ್ರವಾದಿಗಳ ಮಾತು ನೆನಪಿಸಿ, ಸಮಾಧಾನ ಹೇಳುವ ಪ್ರವಾದಿಯ ಮಾತು ನಡೆದಾಗಲೇ ಅವನು ನಿಜ ಅಂತ ಗೊತ್ತಾಗೋದು ಅಂದ. ನೊಗ ಮುರಿದ ಮೇಲೆ ಬಾಯಿಗೆ ಬಾಯಿ ಕೊಡದೆ ತನ್ನ ದಾರಿ ಹಿಡಿದು ಹೊರಟುಹೋದ. ಉತ್ತರ ಆಮೇಲೆ ಬಂತು, ದೇವರು ಹೇಳಿದ ಮೇಲೆ. 28:11ರ ಕೊನೆಯಲ್ಲಿರುವ ಆ ಸಣ್ಣ ಮಾತನ್ನು ನಾನು ಎಷ್ಟೋ ವರ್ಷ ಹಾರಿಸಿಕೊಂಡು ಓದಿದ್ದೆ. ಪೂರ್ತಿ ಸರಿ ಇದ್ದ ಮನುಷ್ಯ, ತುಂಬಿದ ಸಭೆಯಲ್ಲಿ ಅವಮಾನವಾದಾಗ, ಸುಮ್ನೆ ಎದ್ದು ಹೋದ. ಗ್ರೂಪಿನಲ್ಲಿ ಜಗಳ ಹತ್ತಿದಾಗ ನನಗೆ ಈಗ ಇದೇ ನೆನಪಾಗುತ್ತೆ.

ಇಷ್ಟೆಲ್ಲ ಓದಿದ ಮೇಲೆ ಆ ಕಾರ್ಡಿನ ವಚನ ಸುಳ್ಳಾಯಿತೇ? ಇಲ್ಲ, ಭಾರ ಜಾಸ್ತಿಯಾಯಿತು. ನಾಳೆಯ ಪರೀಕ್ಷೆಗಿಂತ ದೊಡ್ಡದಾಯಿತು.

ಫಾರ್ವರ್ಡ್ ಬಂದಾಗ

ಒಂದು ರಾತ್ರಿ ತಡೆಯಿರಿ. ಇದೊಂದೇ ನಿಯಮ ಸಾಕು ಅಂತ ನನ್ನ ಅನುಭವ. "ತಕ್ಷಣ ಕಳಿಸಿ" ಅಂತ ಬರೆದಿದ್ದರೆ ಖಂಡಿತ ತಡೆಯಿರಿ. ಅದರಲ್ಲಿ ತಾರೀಖು ಇದೆಯಾ, ಊರಿದೆಯಾ, ಹೇಳಿದವರ ಹೆಸರಿದೆಯಾ ನೋಡಿ. ಮೆಸೇಜಿನ ಮೇಲೆ ಎರಡು ಬಾಣದ ಗುರುತಿದ್ದರೆ ಅದು ಐದು ಅಥವಾ ಅದಕ್ಕೂ ಜಾಸ್ತಿ ಕೈ ದಾಟಿ ಬಂದದ್ದು ಅಂತ ಅರ್ಥ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ವಾಟ್ಸಾಪ್ 2020ರಿಂದ ಬಿಡುತ್ತಿದೆ. ಅದರೊಳಗಿನ ಒಂದು ಸಾಲು ಗೂಗಲ್ಲಿಗೆ ಹಾಕಿ ಹುಡುಕಿ. ಯೆಹೋಶುವನ ಕಾಲದಲ್ಲಿ ಸೂರ್ಯ ನಿಂತ ದಿನವನ್ನು ನಾಸಾ ಕಂಪ್ಯೂಟರ್ ಪತ್ತೆ ಹಚ್ಚಿತು ಅನ್ನೋದು ನಿಮಗೂ ಬಂದಿರುತ್ತೆ. ಅದು ದಶಕಗಳಷ್ಟು ಹಳೇ ಕಟ್ಟುಕಥೆ, ನಾಸಾ ಯಾವತ್ತೂ ಅಂಥದ್ದು ಹೇಳಿಲ್ಲ. ಯೆಹೋಶುವ 10ನೇ ಅಧ್ಯಾಯವನ್ನು ನಂಬಲು ನಾಸಾದ ಸರ್ಟಿಫಿಕೇಟ್ ಯಾಕೆ ಬೇಕು ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಹಿರಿಯರು ಕಳಿಸಿದ್ದರೆ? ಗ್ರೂಪಿನಲ್ಲಿ ತಿದ್ದಬೇಡಿ. ನಿನ್ನ ಸಹೋದರ ತಪ್ಪು ಮಾಡಿದರೆ ನೀನೂ ಅವನೂ ಇಬ್ಬರೇ ಇರುವಾಗ ತಿಳಿಸು ಅಂತ ಮತ್ತಾಯ 18:15ರಲ್ಲಿ ಇದೆ. ಅದು ಮೊಬೈಲಿಗೂ ಹೊಂದುತ್ತೆ. ನಾನು ದೊಡ್ಡಪ್ಪನಿಗೆ ಸಂಜೆ ಫೋನ್ ಮಾಡಿ, ಮೊದಲು ಮಂಡಿನೋವು ವಿಚಾರಿಸಿ, ಆಮೇಲೆ "ದೊಡ್ಡಪ್ಪಾ, ಮುಂಜಾನೆ ಹಾಕಿದ್ರಲ್ರೀ, ಅದು ಭಾಳ ಹಳೇದ ಅಂತ್ರಿ, ನಾನೂ ಒಮ್ಮೆ ಮೋಸ ಹೋಗೇನ್ರಿ" ಅನ್ನುತ್ತೇನೆ. ನಾನೂ ಮೋಸ ಹೋಗಿದ್ದೆ ಅನ್ನೋ ಮಾತು ಬಿಡಬಾರದು. ಅದು ನಿಜವೂ ಹೌದು. ಕೆಲವರು ತೆಗೆದು ಹಾಕುತ್ತಾರೆ, ಕೆಲವರು "ಇರಲಿ ಬಿಡೋ, ದೇವರ ವಿಷಯ ಅಲ್ಲ?" ಅಂತಾರೆ. ಅಲ್ಲಿಗೆ ಬಿಡಿ. ಯಾಕೋಬ 3:17ರಲ್ಲಿ ಮೇಲಿಂದ ಬರುವ ಜ್ಞಾನ ಸಮಾಧಾನದ್ದು, ಸಾತ್ವಿಕವಾದದ್ದು ಅಂತಿದೆ. ವಾದದಲ್ಲಿ ಗೆಲ್ಲುತ್ತೆ ಅಂತ ಬರೆದಿಲ್ಲ.

ನಿಜಕ್ಕೂ ಗೊಂದಲವಾದಾಗ ಕೇಳಲು ಒಬ್ಬ ಮನುಷ್ಯ ಇರಲಿ, ನಿಮ್ಮ ಮನೆ ಗೊತ್ತಿರುವ, ನಿಮ್ಮ ತಪ್ಪೂ ಗೊತ್ತಿರುವ ಮನುಷ್ಯ. ಎಐಯನ್ನು ಕೇಳಿದರೆ ನಿಮಿಷದಲ್ಲಿ ನೀಟಾಗಿ ಉತ್ತರ ಕೊಡುತ್ತೆ. ವಚನ ಎಲ್ಲಿದೆ ಅಂತ ಹುಡುಕಲು ಸರಿ, ಆದರೂ ಪುಸ್ತಕ ತೆಗೆದು ನೋಡಿಕೊಳ್ಳಿ. ಹೋದ ವಾರ ನೀನು ಹೆಂಡತಿ ಜೊತೆ ಹಾಗೆ ಮಾತಾಡಿದ್ದು ತಪ್ಪು ಅಂತ ಅದು ತಾನಾಗಿ ಹೇಳಲ್ಲ.

ಗರಸು ಸಿಗುವ ತನಕ

ಬೆಟಗೇರಿಯಲ್ಲಿ ಕಾಕಾ ಮನೆ ಕಟ್ಟಿಸುವಾಗ ನಾನು ಸಣ್ಣವನು. ಅದು ಎರಿಮಣ್ಣಿನ ಜಾಗ. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತೆ, ಮೇಲೆ ಕಟ್ಟಿದ ಗೋಡೆ ಸೀಳುತ್ತೆ. ಗೌಂಡಿ ಆಳುಗಳಿಗೆ ಅಗೆಯಲು ಹೇಳಿದ, ಗರಸು, ಅಂದರೆ ಕೆಳಗಿನ ಗಟ್ಟಿ ಕಲ್ಲುಮಣ್ಣು, ಸಿಗಲಿಲ್ಲ, ಇನ್ನೂ ಅಗೆಯಿರಿ ಅಂದ. ಕಾಕಾಗೆ ದುಡ್ಡೆಲ್ಲ ಮಣ್ಣೊಳಗೇ ಹೋಗುತ್ತಿದೆ ಅಂತ ಸಂಕಟ. ಲೂಕ 6:48ರಲ್ಲಿ ಆಳವಾಗಿ ಅಗೆದು ಬಂಡೆಯ ಮೇಲೆ ಅಸ್ತಿವಾರ ಹಾಕಿದವನು ಬರುತ್ತಾನಲ್ಲ, ಅದನ್ನು ಓದಿದಾಗಲೆಲ್ಲ ನನಗೆ ಆ ಗುಂಡಿಯೇ ಕಾಣುತ್ತೆ. ಆ ಸಾಮ್ಯದಲ್ಲಿ ಎರಡೂ ಮನೆಯವರು ಯೇಸುವಿನ ಮಾತು ಕೇಳಿದವರೇ. ಕೇಳುವುದರಲ್ಲಿ ಇಬ್ಬರೂ ಸಮ. ಒಬ್ಬ ಕೇಳಿದ ಹಾಗೆ ಮಾಡಿದ, ಇನ್ನೊಬ್ಬ ಮಾಡಲಿಲ್ಲ, ವ್ಯತ್ಯಾಸ ಇಷ್ಟೇ.

ಅದಕ್ಕೆ ನೋಟ್‌ಬುಕ್ಕಿನಲ್ಲಿ ಆ ವಾರದ ವಾಕ್ಯದ ಎದುರು ಒಂದು ಖಾಲಿ ಸಾಲು ಬಿಡಿ. ಈ ವಾರ ಇದರಿಂದ ಮಾಡಿದ್ದೇನು ಅಂತ ಶನಿವಾರ ಬರೆಯಿರಿ. ಸಣ್ಣದೇ ಇರಲಿ: ಸಾಲ ತೀರಿಸಿದೆ, ಫೋನ್ ಮಾಡಿದೆ, ಬಾಯಿ ಮುಚ್ಚಿಕೊಂಡೆ. ನನ್ನ ಪುಸ್ತಕದಲ್ಲಿ ಅರ್ಧಕ್ಕಿಂತ ಜಾಸ್ತಿ ಸಾಲು ಖಾಲಿ ಇವೆ. ಖಾಲಿ ಇದ್ದರೆ ಹೊಸ ವಾಕ್ಯಕ್ಕೆ ಹೋಗಬೇಡಿ, ಇನ್ನೊಂದು ವಾರ ಅದನ್ನೇ ಹಿಡಿಯಿರಿ.

ಇನ್ನು ಭಾನುವಾರ. ಶನಿವಾರ ಸಂಜೆಯಿಂದ ಭಾನುವಾರ ಮಧ್ಯಾಹ್ನದ ಊಟದ ತನಕ ಫೋನ್ ಅಲಮಾರಿಯಲ್ಲಿ. ಅರ್ಜೆಂಟ್ ಇದ್ದವರು ಮನೆಯಲ್ಲಿ ಒಬ್ಬರ ನಂಬರಿಗೆ ಮಾಡಲಿ. ಚರ್ಚಿನಲ್ಲಿ ವೇದಭಾಗ ಓದುವಾಗ ಫೋನ್ ಇಲ್ಲದ ಕೈಗೆ ಏನು ಮಾಡಬೇಕು ಅಂತ ಮೊದಲ ಎರಡು ವಾರ ಗೊತ್ತಾಗಲ್ಲ, ಮೂರನೇ ವಾರಕ್ಕೆ ಪುಟ ತಿರುವುವ ಅಭ್ಯಾಸ ವಾಪಸ್ ಬರುತ್ತೆ. ನಾನು ನಾಲ್ಕನೇ ವಾರ ಬಿದ್ದೆ. ಕ್ರಿಕೆಟ್ ಮ್ಯಾಚ್ ಇತ್ತು, ಸ್ಕೋರ್ ಅಷ್ಟೇ ನೋಡೋಣ ಅಂತ ತೆಗೆದವನು ಒಂದೂವರೆ ಗಂಟೆ ಮಂಚದ ಮೇಲೇ ಇದ್ದೆ, ಆರಾಧನೆಗೆ ಹೋದಾಗ ಎರಡನೇ ಗೀತೆ ಮುಗಿದಿತ್ತು. ಅಲಮಾರಿಯ ಕೀಲಿ ಈಗ ನನ್ನ ಹೆಂಡತಿಯ ಹತ್ತಿರ ಇರುತ್ತೆ.